ಪರೇಲಿನ ಹೃದಯಾರೋಪಣ: ವಿಧಾನವೂ ಫಲವೂ

ಮಾಟುಂಗದಿಂದ ದಾದರನ್ನು ದಾಟಿದರೆ ಪರೇಲು. ಅಲ್ಲಿಯ ಕೆ. ಇ. ಎಂ. ಆಸ್ಪತ್ರೆ ಮುಂಬಯಿಯ ಕನ್ನಡಿಗರಿಗೆ ಅಪರಿಚಿತವಲ್ಲ. ಊರಿನಿಂದ ಬಂದ ರೋಗಿಯೊಡನೆ ಅದರ ಮೆಟ್ಟಿಲು ಹತ್ತಿದವರು ನಮ್ಮಲ್ಲಿ ಅನೇಕರು. ಭಾರತದ ಮೊತ್ತಮೊದಲನೆಯ ಹೃದಯಾರೋಪಣ 1968ರ ಫೆಬ್ರವರಿಯಲ್ಲಿ ನಡೆದುದು ಇಲ್ಲಿಯೇ ಎಂಬ ಸಂಗತಿ ಮಾತ್ರ ಮರೆಯಾಗುತ್ತ ಬಂದಿದೆ. ನೆನಪಿಟ್ಟವರೂ ‘ರೋಗಿ ಬದುಕಿದ್ದು ಮೂರೇ ಗಂಟೆ’ ಎಂಬ ಒಂದು ಮಾತಿನಲ್ಲಿ ಅದನ್ನು ಮುಗಿಸಿಬಿಡುತ್ತಾರೆ. ಆ ಮಾತು ಸುಳ್ಳಲ್ಲ. ಆದರೆ ಅದರಿಂದ ಇಲ್ಲಿಯ ಶಸ್ತ್ರವೈದ್ಯರ ಕೈ ಕಡಿಮೆಯದೆಂಬ ತೀರ್ಮಾನಕ್ಕೆ ಬರುವುದು ಯುಕ್ತವೇ ಎಂಬುದನ್ನು ವಿಚಾರಿಸಬೇಕಾಗಿದೆ.

ಮೊದಲು ವಿಧಾನವನ್ನು ನೋಡೋಣ. ಹೃದಯವನ್ನು ನಿಲ್ಲಿಸಿ ಕೆಲಸ ಮಾಡಬೇಕಾದರೆ ಹೃದಯ, ಶ್ವಾಸಕೋಶ ಎರಡರ ಕಾರ್ಯವನ್ನೂ ಅಷ್ಟು ಹೊತ್ತು ಯಂತ್ರವೊಂದು ನಡೆಸಬೇಕು. ಅಂಥ ಯಂತ್ರದ ನೆರವಿನಿಂದ ಫಿಲಡೆಲ್ಫಿಯದ ಗಿಬ್ಬನ್ನರು 1953ರ ಮೇ 6ರಂದು ತರುಣಿಯೊಬ್ಬಳ ಹೃದಯದ ರಂಧ್ರವನ್ನು ಮುಚ್ಚಿದರು. 1960ರಲ್ಲಿ ಸ್ಟ್ಯಾನ್‌ಫರ್ಡಿನ ಲೋವರ್ ಮತ್ತು ಶಮ್‌ವೇ ಅವರು ನಾಯಿಗಳಲ್ಲಿ ಹೃದಯವನ್ನು ಬದಲಿಸುವ ಕ್ರಮವನ್ನು ಪ್ರಕಟಿಸಿದರು. ಹಳೆಯ ಹೃತ್ಕರ್ಣಗಳ ಹಿಂಗೋಡೆಯನ್ನು ಹಾಗೆಯೇ ಉಳಿಸಿ, ಹೊಸ ಹೃದಯವನ್ನು ಅದಕ್ಕೆ ಹೊಲಿದು, ಬಳಿಕ ಎರಡು ಮಹಾನಾಳಗಳನ್ನು ಕೂಡಿಸುವುದು ಅದರ ಸಾರ. ಹಲವು ರಕ್ತನಾಳಗಳನ್ನು ಒಂದೊಂದಾಗಿ ಹೊಲಿಯುವ ತೊಡಕು ಇದರಿಂದ ತಪ್ಪಿತು. ಪರೇಲಿನಲ್ಲಿ ಡಾ. ಪ್ರಫುಲ್ಲ ಕುಮಾರ ಸೇನರೂ ಅವರ ಸಂಗಡಿಗರೂ ಸಿದ್ಧತೆಯಿಲ್ಲದೆ ಈ ಸಾಹಸಕ್ಕೆ ಇಳಿದವರಲ್ಲ. ನಾಯಿಗಳಲ್ಲಿ ನಡೆಸಿದ 100 ಪ್ರಯೋಗಗಳ ವರದಿಯನ್ನು 1965ರಲ್ಲಿಯೇ ಅವರು ಪ್ರಕಟಿಸಿದ್ದರು.

ಇನ್ನು ಫಲ. ಮನುಷ್ಯನ ಹೃದಯವನ್ನು ಮನುಷ್ಯನಿಗೆ ಜೋಡಿಸಿದ ಮೊದಲ ಆರು ಪ್ರಕರಣಗಳನ್ನು ಒಂದೇ ಖಾತೆಯಲ್ಲಿ ಬರೆದು ನೋಡಬಹುದು. 1967ರ ಡಿಸೆಂಬರ್ 3ರಂದು ಕೇಪ್‌ಟೌನಿನಲ್ಲಿ ಬರ್ನಾರ್ಡರು ಮಾಡಿದ ಮೊದಲ ಆರೋಪಣದ ರೋಗಿ 18 ದಿನ ಬದುಕಿದನು. ಮೂರು ದಿನಗಳ ಅನಂತರ ಬ್ರೂಕ್ಲಿನ್ನಿನಲ್ಲಿ ಕ್ಯಾಂಟ್ರೋವಿಟ್ಸರು ಹೊಸ ಹೃದಯವನ್ನು ಜೋಡಿಸಿದ ಶಿಶು ಕೆಲವೇ ಗಂಟೆಗಳಲ್ಲಿ ತೀರಿಕೊಂಡಿತು. 1968ರ ಜನವರಿ 2ರಂದು ಬರ್ನಾರ್ಡರ ಕೈಗೆ ಬಂದ ದಂತವೈದ್ಯ ಬ್ಲೈಬರ್ಗ್ ಸುಮಾರು 19 ತಿಂಗಳು ಬದುಕಿದನು. ಅದೇ ತಿಂಗಳಲ್ಲಿ ಶಮ್‌ವೇ ಅವರ ರೋಗಿ ಸುಮಾರು ಎರಡು ವಾರ, ಕ್ಯಾಂಟ್ರೋವಿಟ್ಸರ ಎರಡನೆಯ ರೋಗಿ ಕೆಲವು ಗಂಟೆ. ಆರನೆಯದು ಸೇನರದು. ಆರು ಮಂದಿಯಲ್ಲಿ ಒಂದು ತಿಂಗಳನ್ನು ದಾಟಿದವನು ಒಬ್ಬನೇ! ವಿಧಾನವನ್ನು ರೂಪಿಸಿದ ಶಮ್‌ವೇ ಅವರ ಕೈಯಲ್ಲಿಯೂ ರೋಗಿ ಹೆಚ್ಚು ಕಾಲ ಉಳಿಯಲಿಲ್ಲವೆಂದ ಮೇಲೆ, ಬದುಕಿದ ದಿನಗಳನ್ನೇ ಕೌಶಲದ ಅಳತೆಯಾಗಿ ಹಿಡಿಯಲಾಗದು.

ಸಾವುಗಳ ಕಾರಣವನ್ನು ನೋಡಿದರೆ ಇದು ಇನ್ನೂ ಸ್ಪಷ್ಟವಾಗುತ್ತದೆ. ಕೇಪ್‌ಟೌನಿನ ಮೊದಲ ರೋಗಿ ತೀರಿಕೊಂಡುದು ನ್ಯುಮೋನಿಯದಿಂದ. ಪರಕೀಯ ಹೃದಯವನ್ನು ದೇಹ ತಿರಸ್ಕರಿಸದಿರಲೆಂದು ಕೊಟ್ಟ ಔಷಧಗಳೇ ಸೋಂಕನ್ನೆದುರಿಸುವ ಶಕ್ತಿಯನ್ನು ಕುಗ್ಗಿಸಿದ್ದವು. ಪರೇಲಿನ ರೋಗಿಯಲ್ಲಿ ತೊಡಕು ಬೇರೆ. ಬಹುಕಾಲದ ಹೃದ್ರೋಗದಿಂದ ಶ್ವಾಸಕೋಶದ ರಕ್ತನಾಳಗಳು ಬಿಗಿದಾಗ ಅವುಗಳಲ್ಲಿ ಒತ್ತಡ ಏರುತ್ತದೆ. ರೋಗಿಯ ಸ್ವಂತ ಹೃದಯದ ಬಲಭಾಗ ಆ ಹೊರೆಗೆ ಕ್ರಮೇಣ ಒಗ್ಗಿಕೊಂಡಿರುತ್ತದೆ. ಆರೋಗ್ಯವಂತನಿಂದ ಬಂದ ಹೃದಯ ಅಂಥ ಹೊರೆಯನ್ನು ಕಂಡೇ ಇರುವುದಿಲ್ಲ. ಹೀಗಾಗಿ ಹೊಸ ಹೃದಯ ದಣಿದು ನಿಂತಿತು. ಎರಡೂ ಕಡೆ ಕೇಡು ಬಂದುದು ಶ್ವಾಸಕೋಶದ ದಾರಿಯಿಂದ, ಹೊಲಿಗೆಯ ದೋಷದಿಂದಲ್ಲ. 1968ರ ಸೆಪ್ಟೆಂಬರಿನಲ್ಲಿ ಸೇನರು ಮತ್ತೊಮ್ಮೆ ಪ್ರಯತ್ನಿಸಿದರು. ಆ ರೋಗಿಯೂ ಒಂದು ದಿನ ತುಂಬುವ ಮೊದಲೇ ತೀರಿಕೊಂಡನು.

ಈ ತೊಡಕಿಗೆ ಉತ್ತರ ದೊರೆತುದು ಹೊಲಿಗೆಯನ್ನು ತಿದ್ದುವುದರಿಂದಲ್ಲ. ಶ್ವಾಸಕೋಶದ ಒತ್ತಡವನ್ನು ಮೊದಲೇ ಅಳೆದು ರೋಗಿಗಳನ್ನು ಆರಿಸುವುದು ರೂಢಿಯಾಯಿತು. ಒತ್ತಡ ಮಿತಿಮೀರಿದವರಿಗಾಗಿ ಸ್ಟ್ಯಾನ್‌ಫರ್ಡಿನ ರೈಟ್ಸರು 1981ರ ಮಾರ್ಚಿ 9ರಂದು ಹೃದಯವನ್ನೂ ಶ್ವಾಸಕೋಶಗಳನ್ನೂ ಒಟ್ಟಿಗೆ ಬದಲಿಸಿದರು. ಆ ಮಹಿಳೆ ಐದು ವರ್ಷ ಬದುಕಿದಳು. ತಿರಸ್ಕಾರವನ್ನು ತಡೆಯುವ ಸೈಕ್ಲೊಸ್ಪೊರಿನ್ ಎಂಬ ಔಷಧ ಹೃದಯಾರೋಪಣದಲ್ಲಿ ಬಳಕೆಗೆ ಬಂದುದೂ ಆ ಕಾಲದಲ್ಲಿಯೇ. ನಮ್ಮಲ್ಲಿ ಮಿದುಳಿನ ಮರಣವನ್ನು ಅಂಗೀಕರಿಸುವ ಕಾಯಿದೆ ಬರಲು 1994ರವರೆಗೆ ಕಾಯಬೇಕಾಯಿತು. ಆ ವರ್ಷದ ಆಗಸ್ಟ್ 3ರಂದು ದೆಹಲಿಯಲ್ಲಿ ಡಾ. ವೇಣುಗೋಪಾಲರು ನಡೆಸಿದ ಆರೋಪಣ ಫಲಿಸಿತು. ರೋಗಿ ಹತ್ತು ವರ್ಷಗಳಿಗೂ ಮಿಕ್ಕಿ ಬದುಕಿದನು. 1982ರಲ್ಲಿ ಕಾಲವಾದ ಸೇನರು ಅದನ್ನು ನೋಡಲಿಲ್ಲ.

ಪರೇಲಿನ ಮೂರು ಗಂಟೆಯನ್ನೂ ದೆಹಲಿಯ ವರ್ಷಗಳನ್ನೂ ಎದುರುಬದುರಾಗಿ ಇಡುವವರು ನಡುವಣ 26 ವರ್ಷಗಳಲ್ಲಿ ಜಮೆಯಾದ ಔಷಧ, ಪರೀಕ್ಷೆ, ಕಾಯಿದೆಗಳನ್ನು ಲೆಕ್ಕಕ್ಕೆ ಹಿಡಿಯುವುದಿಲ್ಲ. ದಿನಾಂಕವಿಲ್ಲದ ಮೊತ್ತಕ್ಕೆ ಬ್ಯಾಂಕಿನ ಪುಸ್ತಕದಲ್ಲಿ ಅರ್ಥವಿಲ್ಲ. ವೈದ್ಯಕೀಯದ ಪುಸ್ತಕದಲ್ಲಿಯೂ ಇಲ್ಲ. ಊರಿನ ಬಂಧುವೊಬ್ಬರಿಗೆ ಶಸ್ತ್ರಕ್ರಿಯೆಯಾಗಬೇಕಿದ್ದಾಗ ನಾವೂ ಆಸ್ಪತ್ರೆ ಆಸ್ಪತ್ರೆ ಸುತ್ತಿ ‘ನೂರಕ್ಕೆ ಎಷ್ಟು ಮಂದಿ ಬದುಕುತ್ತಾರೆ?’ ಎಂದು ಕೇಳಿದವರೇ. ‘ಎಂಥ ರೋಗಿಗಳಲ್ಲಿ?’ ಎಂದು ಕೇಳಲು ತೋಚಲಿಲ್ಲ. ಕಷ್ಟದ ರೋಗಿಗಳನ್ನು ಹಿಂದಿರುಗಿಸದ ಆಸ್ಪತ್ರೆಯ ಲೆಕ್ಕ ಯಾವಾಗಲೂ ಕಳಪೆಯಾಗಿಯೇ ಕಾಣುತ್ತದೆ. ಪರೇಲಿನ ಲೆಕ್ಕವನ್ನು ಓದುವಾಗಲೂ, ನಮ್ಮವರಿಗೆ ಆಸ್ಪತ್ರೆಯನ್ನು ಆರಿಸುವಾಗಲೂ, ಈ ಎರಡನೆಯ ಪ್ರಶ್ನೆಯನ್ನೇ ಮೊದಲು ಕೇಳಬೇಕು.