ಡಾಕ್ಟರ ಬಾಗಿಲ ಬೆಂಚು

ನಮ್ಮ ಕುಂದಾಪುರದ ಕಡೆ ಹಿಂದಿನವರು "ಡಾಕ್ಟ್ರನ್ನ ಕಂಡ್ಕಂಡ್ ಬತ್ತೆ" ಎಂದು ಹೇಳಿ ಮನೆಯಿಂದ ಹೊರಡುತ್ತಿದ್ದರು. ದೇವರನ್ನು ಕಾಂಬುದು, ಧಣಿಗಳನ್ನು ಕಾಂಬುದು, ಡಾಕ್ಟರನ್ನು ಕಾಂಬುದು, ಎಲ್ಲಕ್ಕೂ ಅದೇ ಮಾತು. ಹೋದರೆ ಕಾಣಬಹುದು ಎಂಬ ಧೈರ್ಯ ಆ ಮಾತಿನೊಳಗೇ ಇತ್ತು. ಈಗ ಹಾಗೆ ಹೇಳುವವರು ಕಡಿಮೆ. "ನಂಬರ್ ಸಿಕ್ತಾ?" ಎಂದು ಕೇಳುತ್ತಾರೆ. ಡಾಕ್ಟರು ಸಿಕ್ಕಿದರೋ ಇಲ್ಲವೋ ಎಂಬುದು ಆಮೇಲಿನ ಪ್ರಶ್ನೆ. ಕಾಂಬುದು ಹೋಗಿ ಸಿಕ್ಕುವುದು ಬಂದದ್ದು ನನ್ನ ಕಣ್ಣೆದುರಿಗೇ, 2020ರಿಂದ ಈಚೆಗೆ. ಶಾಲೆಯಲ್ಲಿ ಸಮಾಜ ವಿಜ್ಞಾನ ಹೇಳಿಕೊಡುವವಳಿಗೆ ಇಂಥದ್ದರ ಹಿಂದುಮುಂದನ್ನು ಹುಡುಕುವ ಚಾಳಿ ಇರುತ್ತದೆ. ಅದಕ್ಕಾಗಿ ಈ ಬರಹ.

ಡಾಕ್ಟರನ್ನು ಕಾಣುವುದು ಹಿಂದೆ ಸುಲಭವಿತ್ತು ಎಂದು ನಾನು ಹೇಳುತ್ತಿಲ್ಲ. ನನ್ನ ಅಜ್ಜಿ ನಾವುಂದದ ಕಡೆಯವರು. ಅವರ ಯೌವನದಲ್ಲಿ ಯಾರಿಗಾದರೂ ಜ್ವರ ತಲೆಗೇರಿದರೆ ಕಂಬಳಿಯ ಜೋಲಿ ಕಟ್ಟಿ ಕುಂದಾಪುರಕ್ಕೆ ಹೊತ್ತು ತರಬೇಕಿತ್ತಂತೆ. ಅರಾಟೆಯಲ್ಲಿ ಒಂದು ಹೊಳೆ, ಹೇರಿಕುದ್ರುವಿನ ಹತ್ತಿರ ಇನ್ನೊಂದು. ಮಳೆಗಾಲದಲ್ಲಿ ಕಡವಿನ ದೋಣಿಯವನು ಹುಟ್ಟು ಕೆಳಗಿಟ್ಟು "ಇವತ್ತ್ ಆತಿಲ್ಲೆ" ಎಂದರೆ ಮುಗಿಯಿತು, ಜೋಲಿ ವಾಪಸು ಮನೆಗೆ. ಅಜ್ಜಿಗೆ ಹುಟ್ಟಿದ ಮಕ್ಕಳು ಎಂಟು, ಉಳಿದವರು ಐದು. ಉಳಿಯದ ಮೂವರ ಮಾತು ಬಂದಾಗಲೆಲ್ಲ ಅಜ್ಜಿ ರೋಗದ ಹೆಸರು ಹೇಳುತ್ತಿರಲಿಲ್ಲ, "ಹೊಳೆ ತುಂಬಿತ್" ಎನ್ನುತ್ತಿದ್ದರು.

1862ರಲ್ಲಿ ಉತ್ತರ ಕನ್ನಡವನ್ನು ಮುಂಬಯಿ ಪ್ರಾಂತಕ್ಕೆ ಸೇರಿಸಿದಾಗ ನಮ್ಮ ಕುಂದಾಪುರ ತಾಲೂಕು ದಕ್ಷಿಣ ಕನ್ನಡದ ಜೊತೆ ಮದ್ರಾಸಿನ ಕಡೆಗೇ ಉಳಿಯಿತು. ಹಾಗಾಗಿ ಇಲ್ಲಿಯ ಹುಡುಗರು ವೈದ್ಯ ವಿದ್ಯೆಗೆ ಹೋಗುತ್ತಿದ್ದುದು ಮದ್ರಾಸಿಗೆ. ಹೋದವರು ಬೆರಳೆಣಿಕೆಯಷ್ಟು, ಓದಿ ಊರಿಗೆ ಮರಳಿದವರು ಅದಕ್ಕಿಂತ ಕಡಿಮೆ. ಉಡುಪಿಯಲ್ಲಿ 1923ರಲ್ಲಿ ಬಾಸೆಲ್ ಮಿಶನ್ನಿನ ಡಾ. ಇವಾ ಲೊಂಬಾರ್ಡ್ ಎಂಬ ಸ್ವಿಟ್ಜರ್ಲೆಂಡಿನ ಹೆಂಗಸು ಆಸ್ಪತ್ರೆ ಶುರುಮಾಡಿದರು. ಗಂಡಸು ಡಾಕ್ಟರ ಮುಂದೆ ಸೆರಗು ಸರಿಸಲು ಒಪ್ಪದೆ ಸಾಯುತ್ತಿದ್ದ ಕಾಲದಲ್ಲಿ ಹೆಂಗಸೊಬ್ಬರು ಡಾಕ್ಟರಾಗಿ ಬಂದು ಕೂತದ್ದು ಎಂಥ ಉಪಕಾರ ಎಂಬುದನ್ನು ನಮ್ಮ ಪಠ್ಯಪುಸ್ತಕಗಳು ಹೇಳುವುದಿಲ್ಲ. ಎರಡು ವರ್ಷದ ನಂತರ, 1925ರಲ್ಲಿ, ಮದ್ರಾಸಿನಲ್ಲಿ ವೈದ್ಯ ಪದವಿ ಪಡೆದ ಡಾ. ಟಿ.ಎಂ.ಎ. ಪೈ ಉಡುಪಿಯಲ್ಲಿ ಚಿಕಿತ್ಸೆಗೆ ಕೂತರು. ಅದೇ ವರ್ಷ ಅವರು ಸಂಗಡಿಗರೊಂದಿಗೆ ಒಂದು ಬ್ಯಾಂಕನ್ನೂ ಹುಟ್ಟುಹಾಕಿದರು. ಮುಂದೆ ಸಿಂಡಿಕೇಟ್ ಬ್ಯಾಂಕ್ ಆದದ್ದು ಅದೇ. ಉಡುಪಿಯ ಸರಕಾರಿ ಹೆಂಗಸರ ಮತ್ತು ಮಕ್ಕಳ ಆಸ್ಪತ್ರೆಯ ಜಾಗ ಕೊಟ್ಟ ಹಾಜಿ ಅಬ್ದುಲ್ಲಾ ಸಾಹೇಬರೂ ಬ್ಯಾಂಕಿನವರೇ, 1906ರ ಕಾರ್ಪೊರೇಶನ್ ಬ್ಯಾಂಕಿನ ಸ್ಥಾಪಕರು. ನಮ್ಮ ಜಿಲ್ಲೆಯಲ್ಲಿ ಹಣದ ಪೆಟ್ಟಿಗೆಯೂ ಮದ್ದಿನ ಪೆಟ್ಟಿಗೆಯೂ ಒಂದೇ ಅಂಗಳದಲ್ಲಿ ಹುಟ್ಟಿದವು. ಈ ಎರಡು ಬ್ಯಾಂಕುಗಳೂ ಬೇರೆ ಬ್ಯಾಂಕಿನಲ್ಲಿ ಕರಗಿ ಹೆಸರು ಕಳೆದುಕೊಂಡದ್ದು ಒಂದೇ ದಿನ, 2020ರ ಏಪ್ರಿಲ್ 1ರಂದು. ಲಾಕ್‌ಡೌನಿನ ಗಲಾಟೆಯಲ್ಲಿ ಅಳುವವರೂ ಇರಲಿಲ್ಲ.

ನನ್ನ ಬಾಲ್ಯಕ್ಕೆ ಬರುವಾಗ ಹೊಳೆಗಳಿಗೆ ಸೇತುವೆಯಾಗಿತ್ತು. ಬಸ್ಸು ಇತ್ತು. ಪೇಟೆಯಲ್ಲಿ ಒಬ್ಬ ಹಳೆಯ ಎಲ್‌ಎಂಪಿ ಡಾಕ್ಟರು ಇದ್ದರು. ಎಲ್‌ಎಂಪಿ ಎಂದರೆ ಪದವಿಗಿಂತ ಕಡಿಮೆ ಅವಧಿಯ ಓದು. 1946ರ ಭೋರ್ ಸಮಿತಿ, ದೇಶಕ್ಕೆ ಒಂದೇ ದರ್ಜೆಯ ಡಾಕ್ಟರು ಸಾಕು ಎಂದು ವರದಿ ಕೊಟ್ಟ ಮೇಲೆ ಆ ಓದು ನಿಂತುಹೋಯಿತು. ಸಮಿತಿಯಲ್ಲೇ ಕೆಲವರು ಇದಕ್ಕೆ ಒಪ್ಪಿರಲಿಲ್ಲ, ಹಳ್ಳಿಗೆ ಡಾಕ್ಟರು ಸಾಲರು ಎಂದು ಹೇಳಿದ್ದರು. ಅವರ ಮಾತು ಸುಳ್ಳಾಗಲಿಲ್ಲ ಎಂದು ನನಗೆ ಅನ್ನಿಸುತ್ತದೆ.

ಆ ಡಾಕ್ಟರ ಡಿಸ್ಪೆನ್ಸರಿಯ ಜಗಲಿಯಲ್ಲಿ ಎರಡು ಮರದ ಬೆಂಚು. ಹೋದವರು ಕೊನೆಯಲ್ಲಿ ಕೂರುವುದು, ಒಬ್ಬರು ಒಳಗೆ ಹೋದರೆ ಉಳಿದವರೆಲ್ಲ ಒಂದು ಗೇಣು ಮುಂದೆ ಸರಿಯುವುದು. ಸರಿದು ಸರಿದು ಆ ಬೆಂಚು ಕನ್ನಡಿಯ ಹಾಗೆ ನಯವಾಗಿತ್ತು. ಚೀಟಿ ಇಲ್ಲ, ನಂಬರಿಲ್ಲ. ನಿಮ್ಮ ಮುಂದೆ ಯಾರು, ಹಿಂದೆ ಯಾರು ಎಂಬುದು ಕಣ್ಣಿಗೆ ಕಾಣುತ್ತಿತ್ತು. ಮೀನು ಮಾರುವ ಹೆಂಗಸೂ ಬ್ಯಾಂಕಿನ ಮ್ಯಾನೇಜರೂ ಅದೇ ಬೆಂಚಿನಲ್ಲಿ ಜರುಗುತ್ತಿದ್ದರು. ತೋಳಿನಲ್ಲಿ ಮಗು ಕಣ್ಣು ಮೇಲೆ ಮಾಡಿದ್ದರೆ ಯಾರೂ ಕೇಳದೆ ದಾರಿ ಬಿಡುತ್ತಿದ್ದರು. ಕಂಪೌಂಡರು ಕಿಟಕಿಯಿಂದ ಒಮ್ಮೆ ಇಣುಕಿ ನೋಡಿ, ಉಸಿರು ಎಳೆಯುವ ಮುದುಕನನ್ನು ಮೊದಲು ಒಳಗೆ ಕಳಿಸುತ್ತಿದ್ದ. ಅವನು ಓದಿದ್ದು ಎಂಟನೆಯ ತರಗತಿ. ಆದರೆ ಯಾರದ್ದು ಇವತ್ತಿನ ಕಾಯಿಲೆ, ಯಾರದ್ದು ನಾಳೆಗೆ ಕಾಯಬಲ್ಲ ಕಾಯಿಲೆ ಎಂದು ಮುಖ ನೋಡಿ ಹೇಳುತ್ತಿದ್ದ.

ಡಾಕ್ಟರು "ಬಾಯಿ ತೆಗಿ ಕಾಂಬ" ಎಂದು ಶುರುಮಾಡುತ್ತಿದ್ದರು. ಕೆಂಪು ಮಿಕ್ಸ್ಚರಿಗೆ ಬಾಟಲಿ ನಾವೇ ಒಯ್ಯಬೇಕು. ಅದರ ಮೇಲೆ ಕಾಗದದ ಪಟ್ಟಿ ಕತ್ತರಿಸಿ ಅಂಟಿಸಿ ಗುರುತು ಮಾಡಿ ಕೊಡುತ್ತಿದ್ದರು. ಅವರ ಮದ್ದೆಲ್ಲ ಒಳ್ಳೆಯದೇ ಎಂದು ಈಗ ಯಾರೂ ಒಪ್ಪಲಿಕ್ಕಿಲ್ಲ. ಎಲ್ಲಕ್ಕೂ ಒಂದು ಇಂಜೆಕ್ಷನ್ ಚುಚ್ಚುವ ಅಭ್ಯಾಸವೂ ಅವರಿಗಿತ್ತು. ಆದರೆ ನಮ್ಮ ಅಪ್ಪಯ್ಯನಿಗೆ ಸಕ್ಕರೆ ಕಾಯಿಲೆ ಇದ್ದದ್ದು ಅವರಿಗೆ ಬಾಯಿಪಾಠ. ನನಗೆ ನಲವತ್ತು ದಾಟಿದಾಗ, ಕೇಳದೆಯೇ ರಕ್ತ ಪರೀಕ್ಷೆ ಬರೆದುಕೊಟ್ಟಿದ್ದು ಅವರ ಮಗ.

ಡಾ. ಪೈಯವರು 1953ರಲ್ಲಿ ಮಣಿಪಾಲದ ಬೋಳುಗುಡ್ಡದಲ್ಲಿ ಮೆಡಿಕಲ್ ಕಾಲೇಜು ಕಟ್ಟಿದ ಮೇಲೆ ನಮ್ಮ ಕಡೆಯ ಚಿತ್ರವೇ ಬದಲಾಯಿತು. ಸರಕಾರದ ಪ್ರಾಥಮಿಕ ಆರೋಗ್ಯ ಕೇಂದ್ರಗಳು 1952ರ ಸಮುದಾಯ ಅಭಿವೃದ್ಧಿ ಯೋಜನೆಯೊಂದಿಗೆ ದೇಶದಲ್ಲಿ ಆರಂಭವಾಗಿದ್ದವು. ಬಯಲಿನಲ್ಲಿ 30,000 ಜನರಿಗೆ, ಗುಡ್ಡಗಾಡಿನಲ್ಲಿ 20,000 ಜನರಿಗೆ ಒಂದು ಕೇಂದ್ರ ಎಂಬ ಲೆಕ್ಕ ಆಮೇಲೆ ಬಂತು. ಹೀಗೆ ಒಂದು ಕಡೆ ಗುಡ್ಡದ ಮೇಲೆ ದೊಡ್ಡ ಆಸ್ಪತ್ರೆ, ಇನ್ನೊಂದು ಕಡೆ ಹಳ್ಳಿಯಲ್ಲಿ ಸಣ್ಣ ಕೇಂದ್ರ. ನಡುವೆ ಇದ್ದದ್ದು ಪೇಟೆಯ ಆ ಬೆಂಚು. ಬೆಂಚಿನ ಡಾಕ್ಟರ ಮಕ್ಕಳು, ಮೊಮ್ಮಕ್ಕಳು ಹೃದಯದವರಾದರು, ಎಲುಬಿನವರಾದರು, ಕಣ್ಣಿನವರಾದರು. ಅಪ್ಪನ ಜಗಲಿಯಲ್ಲಿ ಕೂತು ಶೀತ ನೆಗಡಿ ನೋಡುವುದಕ್ಕೆ ಯಾರೂ ಮರಳಲಿಲ್ಲ. ಬ್ರಹ್ಮಾವರದವರಿಗೆ ಇದರ ಬಿಸಿ ಅಷ್ಟು ತಟ್ಟಲಿಲ್ಲ, ಬಸ್ಸು ಹತ್ತಿದರೆ ಉಡುಪಿ, ಮಣಿಪಾಲ. ಶಿರೂರಿನವರಿಗೆ ಭಟ್ಕಳವೇ ಹತ್ತಿರ. ಬೈಂದೂರಿನ ಒಳಗಿನ ಹಳ್ಳಿಗಳವರಿಗೆ ಮಾತ್ರ ಎತ್ತ ಹೋದರೂ ಒಂದು ದಿನದ ಕೂಲಿ ಹೋಗುತ್ತದೆ. 2018ರಲ್ಲಿ ಬೈಂದೂರು, ಬ್ರಹ್ಮಾವರ ಎರಡೂ ತಾಲೂಕುಗಳಾಗಿ ಕೆಲಸ ಶುರುಮಾಡಿದವು. ತಹಶೀಲ್ದಾರರು ಬಂದಷ್ಟು ಬೇಗ ಆಸ್ಪತ್ರೆ ಬೆಳೆಯಲಿಲ್ಲ.

ಇನ್ನು 2020ಕ್ಕೆ ಬರುತ್ತೇನೆ. ಮಾರ್ಚ್ ಕೊನೆಯಲ್ಲಿ ಉಡುಪಿ ಜಿಲ್ಲೆಯಲ್ಲಿ ಸಿಕ್ಕಿದ್ದು ಮೂರೇ ಪ್ರಕರಣ. ಮೂವರೂ ಗುಣವಾದರು. ಉಡುಪಿಯ ಡಾ. ಟಿ.ಎಂ.ಎ. ಪೈ ಆಸ್ಪತ್ರೆಯನ್ನು ಏಪ್ರಿಲ್‌ನಲ್ಲಿ ಕೊರೊನಾಕ್ಕೇ ಮೀಸಲಿಟ್ಟಿದ್ದರು. ನಮ್ಮದು ಹಸಿರು ವಲಯ ಎಂದು ನಾವು ಬೀಗುತ್ತಿದ್ದೆವು. ಮೇ ತಿಂಗಳಲ್ಲಿ ಮುಂಬಯಿ, ಪುಣೆಯಿಂದ ನಮ್ಮವರು ಊರಿಗೆ ಬಂದರು. ಹನ್ನೆರಡು, ಹದಿಮೂರು ವರ್ಷಕ್ಕೇ ಹೋಟೆಲಿನ ಲೋಟ ತೊಳೆಯಲು ಬೊಂಬಾಯಿ ಬಸ್ಸು ಹತ್ತಿದವರು, ಊರಿನ ದೇವಸ್ಥಾನಕ್ಕೆ, ಶಾಲೆಗೆ, ಆಟಕ್ಕೆ ಹಣ ಕಳಿಸಿದವರು. ಅವರನ್ನು ಇರಿಸಿದ್ದು ಕುಂದಾಪುರ, ಬೈಂದೂರು ಕಡೆಯ ಶಾಲೆ, ಹಾಸ್ಟೆಲುಗಳಲ್ಲಿ. ನಾನು ಪಾಠ ಮಾಡುವ ಕೋಣೆಯಲ್ಲೂ ಹಾಸಿಗೆ ಹಾಸಿದ್ದರು. ಶಿಕ್ಷಕರಿಗೆ ಹೆಸರು ಬರೆಯುವ, ಊಟ ಲೆಕ್ಕ ಮಾಡುವ ಕೆಲಸ. ಕರಿಹಲಗೆಯ ಮೇಲೆ ಮಾರ್ಚ್ ತಿಂಗಳ ನನ್ನ ಅಕ್ಷರ ಹಾಗೇ ಇತ್ತು, ಅದರ ಕೆಳಗೆ ಹಳೆಯ ವಿದ್ಯಾರ್ಥಿಯೊಬ್ಬ ಗೋಡೆಗೆ ಮುಖ ಮಾಡಿ ಮಲಗಿದ್ದ. ಜೂನ್ 2ರಂದು ಜಿಲ್ಲೆಯಲ್ಲಿ ಒಂದೇ ದಿನಕ್ಕೆ 150 ಪ್ರಕರಣ, ಜೂನ್ 5ರಂದು 204. ರಾಜ್ಯದಲ್ಲೇ ನಾವು ಮೊದಲು. ಬಂದವರಲ್ಲಿ ಹೆಚ್ಚಿನವರಿಗೆ ಕೆಮ್ಮೂ ಇರಲಿಲ್ಲ, ಪರೀಕ್ಷೆ ಮಾಡಿದ್ದಕ್ಕೆ ಗೊತ್ತಾದದ್ದು.

ಡಾಕ್ಟರ ಬಾಗಿಲು ಮುಚ್ಚಿದ್ದು ಆಗ. ತಪ್ಪು ಎನ್ನಲಾರೆ. ಅರವತ್ತು ದಾಟಿದ ಡಾಕ್ಟರು ಸಣ್ಣ ಕೋಣೆಯಲ್ಲಿ ನೂರು ಜನರ ಉಸಿರು ಕುಡಿಯುವುದು ಹೇಗೆ? ಆ ಎರಡು ವರ್ಷಗಳಲ್ಲಿ ದೇಶದಾದ್ಯಂತ ನೂರಾರು ಡಾಕ್ಟರುಗಳು ತೀರಿಕೊಂಡರು. ಬಾಗಿಲಿಗೆ ಅಡ್ಡ ಹಗ್ಗ ಬಂತು. ಹಗ್ಗದ ಆಚೆಯಿಂದ "ಬೊಂಬಾಯಿಯವ್ರ್ ಯಾರಾರೂ ಇದ್ರಾ ಮನೆಗೆ?" ಎಂಬ ಪ್ರಶ್ನೆ. ಬೆಂಚನ್ನು ಎತ್ತಿ ಒಳಗಿಟ್ಟರು. ಬೆಂಚಿದ್ದ ಜಾಗದಲ್ಲಿ "ಮೊದಲೇ ಫೋನ್ ಮಾಡಿ ಬರತಕ್ಕದ್ದು" ಎಂಬ ಬೋರ್ಡು, ಕೆಳಗೆ ಒಂದು ನಂಬರು. ಫೋನಿನಲ್ಲಿ ಮದ್ದು ಹೇಳುವುದಕ್ಕೆ ಕೇಂದ್ರ ಸರಕಾರ ಮಾರ್ಚ್ 25ರಂದೇ ನಿಯಮ ಹೊರಡಿಸಿತ್ತು. ಏಪ್ರಿಲ್‌ನಲ್ಲಿ ಇ-ಸಂಜೀವಿನಿಯ ಮನೆಯಿಂದಲೇ ಡಾಕ್ಟರನ್ನು ಕೇಳುವ ವ್ಯವಸ್ಥೆ ಬಂತು, ರಾಜ್ಯದ ಆಪ್ತಮಿತ್ರ 14410 ಬಂತು. ಆಗಿನ ಮಟ್ಟಿಗೆ ಅವು ಬೇಕಿದ್ದವು.

ಹಗ್ಗ ಹೋಯಿತು, ಮಾಸ್ಕು ಹೋಯಿತು, ಕೈಗೆ ಸುರಿಯುವ ದ್ರಾವಣದ ಬಾಟಲಿಯೂ ಹೋಯಿತು. ಬೋರ್ಡು ಹೋಗಲಿಲ್ಲ. ಬೆಂಚು ಬರಲೂ ಇಲ್ಲ. ಪ್ಲಾಸ್ಟಿಕ್ ಕುರ್ಚಿಗಳು ಬಂದವು, ನಂಬರು ಇದ್ದವರಿಗೆ ಮಾತ್ರ. ವಯಸ್ಸಾದ ಕೆಲವು ಡಾಕ್ಟರುಗಳು ಆಗ ಎಳೆದ ಶಟರನ್ನು ಮತ್ತೆ ಎತ್ತಲೇ ಇಲ್ಲ. ಅವರ ರೋಗಿಗಳೆಲ್ಲ ಉಳಿದವರ ಮೇಲೆ ಬಿದ್ದರು. ಬೆಳಿಗ್ಗೆ ಎಂಟಕ್ಕೆ ಹೆಸರು ಬರೆಯಲು ಶುರು, ಎಂಟೂ ಹತ್ತಕ್ಕೆ ಮುಗಿಯಿತು. ನಡುವೆ ಫೋನು ಯಾವಾಗಲೂ ಬೇರೆ ಯಾರೊಡನೆಯೋ ಮಾತಾಡುತ್ತಿರುತ್ತದೆ. ಪ್ರಾಥಮಿಕ ಆರೋಗ್ಯ ಕೇಂದ್ರಕ್ಕೆ ಹೋದರೆ ಫೋನು ಬೇಡ, ನಿಜ. ಆದರೆ ಅಲ್ಲಿ ಕಡ್ಡಾಯ ಸೇವೆಗೆ ಬಂದ ಎಳೆಯ ಡಾಕ್ಟರಿಗೆ ನಮ್ಮ ಹೆಸರು ಪರಿಚಯವಾಗುವಾಗ ವರ್ಷ ಮುಗಿದಿರುತ್ತದೆ, ಅವರು ಮುಂದಿನ ಓದಿಗೆ ಹೊರಟಿರುತ್ತಾರೆ. ಅವರಲ್ಲಿ ಮೀಟಿಂಗಿನ ದಿನ ಎಷ್ಟು, ರೋಗಿ ನೋಡುವ ದಿನ ಎಷ್ಟು ಎಂದು ಲೆಕ್ಕ ಹಾಕುವುದು ನನ್ನ ಕೆಲಸವಲ್ಲ.

ನನ್ನ ನೆರೆಮನೆಯ ಅಕ್ಕನಿಗೆ ಎಪ್ಪತ್ತೆರಡು. ಮಗ ಬೆಂಗಳೂರಿನಲ್ಲಿ, ಮಗಳು ಬಹರೈನಿನಲ್ಲಿ. ಇಂಥ ಮನೆಗಳು ನಮ್ಮ ಕಡೆ ಒಂದೆರಡಲ್ಲ, ಗೇಟಿಗೆ ದೊಡ್ಡ ಲೈಟು, ಒಳಗೆ ಒಬ್ಬರೇ ಮುದುಕಿ. ಕ್ಲಿನಿಕ್ಕು ಅವರ ಮನೆಯಿಂದ ಕೂಗಳತೆ. ಹೆಸರು ಹೇಳುವುದಿಲ್ಲ. ಎದೆಯಲ್ಲಿ ಉರಿ ಎಂದು ಅಕ್ಕ ಮಗನಿಗೆ ಹೇಳಿದರು. ಮಗ ಬೆಂಗಳೂರಿನಿಂದ ಮೂರು ದಿನ ಬೆಳಿಗ್ಗೆ ಆ ಕ್ಲಿನಿಕ್ಕಿಗೆ ಫೋನು ಮಾಡಿದ, ಮೂರು ದಿನವೂ ನಂಬರು ಮುಗಿದಿತ್ತು. ಮೂರನೆಯ ದಿನ ಸಂಜೆ ಅಕ್ಕ ಬೇಲಿ ಹತ್ತಿರ ಬಂದು "ಟೀಚ್ರೇ, ನೀವೊಂದ್ ಫೋನ್ ಮಾಡಿ ಕೊಡ್ತ್ರಿಯಾ?" ಎಂದರು. ಮುಖದಲ್ಲಿ ಬೆವರು. ನಾನು ಫೋನು ಮಾಡಲಿಲ್ಲ, ರಿಕ್ಷಾ ಕರೆದೆ. ಸರಕಾರಿ ಆಸ್ಪತ್ರೆಯಲ್ಲಿ ಇಸಿಜಿ ತೆಗೆದು, ಅಲ್ಲಿಂದ ಆಂಬುಲೆನ್ಸಿನಲ್ಲಿ ಮಣಿಪಾಲ. ಬದುಕಿದರು. ಇನ್ನೊಂದು ರಾತ್ರಿ ಕಳೆದಿದ್ದರೆ ಕಷ್ಟವಿತ್ತು ಎಂದರು ಅಲ್ಲಿಯವರು. ಮಾತ್ರೆ ತಿನ್ನುತ್ತ ಅಕ್ಕ ಈಗಲೂ ಹೇಳುವುದು, "ಕ್ಲಿನಿಕ್ಕಿನ ಲೈಟ್ ನಮ್ಮ ಅಂಗಳಕ್ಕೆ ಕಾಂತಿತ್ತ್."

ಕಂಪೌಂಡರು ಕಿಟಕಿಯಿಂದ ಇಣುಕಿದ್ದರೆ ಆ ಮುಖ ಅವನಿಗೆ ಕಾಣುತ್ತಿತ್ತು. ಫೋನಿಗೆ ಮುಖ ಕಾಣುವುದಿಲ್ಲ. ಎದೆ ಉರಿಯೂ ಒಂದೇ, ಕಾಲಿನ ಆಣಿಯೂ ಒಂದೇ, ಮೊದಲು ಫೋನು ಹತ್ತಿದವರಿಗೆ ಮೊದಲ ನಂಬರು. ನನಗೆ ಸಿಟ್ಟಿರುವುದು ಇಲ್ಲಿ, ಫೋನಿನ ಮೇಲಲ್ಲ. ಫೋನನ್ನು ಬೇರೆ ರೀತಿ ಬಳಸಿದವರು ನಮ್ಮ ಕರಾವಳಿಯಲ್ಲೇ ಇದ್ದಾರೆ. ಮಂಗಳೂರಿನ ಹೃದ್ರೋಗ ತಜ್ಞ ಡಾ. ಪದ್ಮನಾಭ ಕಾಮತರು 2018ರ ಸುಮಾರಿಗೆ ಹಳ್ಳಿಯ ಆರೋಗ್ಯ ಕೇಂದ್ರಗಳಿಗೆ ಇಸಿಜಿ ಯಂತ್ರ ಕೊಡಿಸಿ, ಅಲ್ಲಿಯ ಡಾಕ್ಟರುಗಳನ್ನು ವಾಟ್ಸಾಪಿನಲ್ಲಿ ಒಟ್ಟು ಮಾಡಿದರು. ಹಳ್ಳಿಯಲ್ಲಿ ತೆಗೆದ ಇಸಿಜಿಯ ಫೋಟೋ ಕಳಿಸಿದರೆ ತಜ್ಞರಿಂದ ಉತ್ತರ ಬರುತ್ತದೆ. 2024ರ ಮಾರ್ಚ್‌ನಲ್ಲಿ ರಾಜ್ಯ ಸರಕಾರವೂ ಪುನೀತ್ ರಾಜ್‌ಕುಮಾರ್ ಹೆಸರಿನ ಹೃದಯ ಜ್ಯೋತಿ ಯೋಜನೆಯಲ್ಲಿ ಇದೇ ದಾರಿ ಹಿಡಿಯಿತು. ಅಲ್ಲಿ ರೋಗಿ ಮೊದಲು ಒಬ್ಬ ಡಾಕ್ಟರ ಮುಂದೆ ಕೂತಿರುತ್ತಾನೆ, ಫೋನು ಆಮೇಲೆ ಬರುತ್ತದೆ. ಬೋರ್ಡಿನ ನಂಬರಿನಲ್ಲಿ ಫೋನು ಮೊದಲು, ಡಾಕ್ಟರು ಆಮೇಲೆ.

ಕಳೆದ ವರ್ಷ ನಮ್ಮ ಪೇಟೆಯ ಇನ್ನೊಬ್ಬ ಡಾಕ್ಟರಲ್ಲಿ ಇದನ್ನೇ ಹೇಳಿದೆ. ಅವರು ನನ್ನ ಹಳೆಯ ವಿದ್ಯಾರ್ಥಿನಿ. "ದಿನಕ್ಕೆ ಅರವತ್ತು ಜನ ಆಗ್ತಾರೆ ಟೀಚರ್, ನಾನೂ ಮನುಷ್ಯಳೇ" ಎಂದಳು. ಅದೂ ಸರಿಯೇ. ಆದರೂ ಒಂದು ವಾರದ ಮೇಲೆ ಹೋದಾಗ ಬೋರ್ಡಿನ ಕೆಳಗೆ ಕೈಬರಹದ ಒಂದು ಕಾಗದ ಅಂಟಿಸಿತ್ತು, ಫೋನು ಮಾಡದೆ ಬಂದವರಿಗೆ ದಿನಕ್ಕೆ ಹದಿನೈದು ನಂಬರು ಎಂದು. ನರ್ಸಮ್ಮ ಅರ್ಧ ಗಂಟೆಗೊಮ್ಮೆ ಹೊರಗೆ ಬಂದು ಮುಖ ನೋಡಿ ಹೋಗುತ್ತಾರೆ. ಕುರ್ಚಿ ಸಾಲದ್ದಕ್ಕೆ ಒಳಗಿಟ್ಟಿದ್ದ ಬೆಂಚನ್ನೂ ಹೊರಗೆ ತಂದಿದ್ದಾರೆ, ಒಂದು ಕಾಲಿಗೆ ಗೆದ್ದಲು ಹಿಡಿದದ್ದರಿಂದ ಕೆಳಗೆ ಒಂದು ಕಲ್ಲು ಕೊಟ್ಟು.