ಮಗುವನ್ನ ಹೇಗೆ ಕೇಳ್ತೀರಿ ಅನ್ನೋದು ಮುಖ್ಯ: ಬಾಲ ಸಾಕ್ಷಿ ಬಗ್ಗೆ ತಿಳಿದಿರಬೇಕಾದ ವಿಷಯಗಳು

ಚಿಕ್ಕಬಳ್ಳಾಪುರ: ಮಗು ಏನೋ ಹೇಳೋಕೆ ಬಾಯಿ ಬಿಟ್ಟ ಕೂಡಲೇ ಮನೆಯವರೆಲ್ಲಾ ಸುತ್ತುವರಿಯುತ್ತಾರೆ. 'ಆ ಅಂಗಡಿಯವನು ತಾನೇ?', 'ಮುಟ್ಟಿದ್ನಾ?' ಅಂತ ಕೇಳ್ತಾರೆ. ಕೇಳೋದು ಕಾಳಜಿಯಿಂದಲೇ. ಆದರೆ ಉತ್ತರ ಪ್ರಶ್ನೆಯೊಳಗೇ ಇದೆ. ಮುಂದೆ ಕೋರ್ಟಿನಲ್ಲಿ 'ಇದು ಹೇಳಿಕೊಟ್ಟ ಮಾತು' ಅನ್ನೋ ವಾದಕ್ಕೆ ಇಲ್ಲೇ ದಾರಿಯಾಗುತ್ತೆ.

ಮಕ್ಕಳ ಉತ್ತರ ಯಾಕೆ ಬದಲಾಗುತ್ತೆ?
ದೊಡ್ಡವರಿಗೆ ಎಲ್ಲಾ ಗೊತ್ತು ಅಂತ ಚಿಕ್ಕ ಮಕ್ಕಳು ನಂಬಿರುತ್ತಾರೆ. ಅದೇ ಪ್ರಶ್ನೆ ಮತ್ತೆ ಕೇಳಿದರೆ, ಮೊದಲು ಹೇಳಿದ್ದು ತಪ್ಪೇನೋ ಅಂತ ಉತ್ತರ ಬದಲಿಸೋದುಂಟು. ಅಮೆರಿಕದಲ್ಲಿ 1983ರಲ್ಲಿ ಶುರುವಾದ ಮ್ಯಾಕ್‌ಮಾರ್ಟಿನ್ ಶಾಲೆ ಪ್ರಕರಣದಲ್ಲಿ ನೂರಾರು ಮಕ್ಕಳನ್ನ ಒತ್ತಾಯಿಸಿ ಪ್ರಶ್ನಿಸಿದ್ದರು. 1990ರಲ್ಲಿ ಯಾರಿಗೂ ಶಿಕ್ಷೆಯಾಗದೆ ಕೇಸ್ ಮುಗಿಯಿತು. ಅದೇ ರೀತಿ ಪ್ರಶ್ನಿಸಿದರೆ ಏನಾಗುತ್ತೆ ಅಂತ 1998ರಲ್ಲಿ ಸಂಶೋಧಕರು 3ರಿಂದ 6 ವರ್ಷದ ಮಕ್ಕಳ ಮೇಲೆ ಪರೀಕ್ಷಿಸಿದರು. ಬರೀ ಸೂಚಕ ಪ್ರಶ್ನೆ ಕೇಳಿದಾಗ ನಡೆಯದ್ದಕ್ಕೆ 'ಹೌದು' ಅಂದಿದ್ದು ಶೇ 17ರಷ್ಟು. 'ಬೇರೆ ಮಕ್ಕಳು ಹೇಳಿದ್ದಾರೆ' ಅನ್ನೋ ಒತ್ತಡ, ಹೊಗಳಿಕೆ ಸೇರಿಸಿದಾಗ ಅದು ಶೇ 58ಕ್ಕೆ ಏರಿತು.

ಹಾಗಂತ ಮಕ್ಕಳ ಮಾತು ನಂಬೋಕಾಗಲ್ಲ ಅಂತಲ್ಲ. ತಾವಾಗಿ ಹೇಳಿದಾಗ ವಿವರ ಕಮ್ಮಿ ಇರಬಹುದು, ಆದರೆ ಸಾಮಾನ್ಯವಾಗಿ ತಪ್ಪೂ ಕಮ್ಮಿ. ಪ್ರಶ್ನೆ ಅರ್ಥ ಮಾಡಿಕೊಂಡು ಸರಿಯಾಗಿ ಉತ್ತರಿಸಬಲ್ಲ ಮಗು ಸಾಕ್ಷಿ ಹೇಳಬಹುದು, ಕಾನೂನಿನಲ್ಲಿ ಕನಿಷ್ಠ ವಯಸ್ಸು ಅಂತಿಲ್ಲ.

ಪೋಕ್ಸೊ ಕಾಯ್ದೆ (2012) ಏನು ಹೇಳುತ್ತೆ?
* ಹೇಳಿಕೆ ಮಗುವಿನ ಮನೆಯಲ್ಲಿ ಅಥವಾ ಅದು ಬಯಸಿದ ಜಾಗದಲ್ಲಿ. ಪೊಲೀಸರು ಸಮವಸ್ತ್ರದಲ್ಲಿ ಇರುವಂತಿಲ್ಲ. ಸಾಧ್ಯವಾದಷ್ಟು ಮಹಿಳಾ ಎಸ್‌ಐ ದರ್ಜೆಗೆ ಕಮ್ಮಿ ಇಲ್ಲದವರೇ ಬರೆದುಕೊಳ್ಳಬೇಕು.
* ಅಪ್ಪ, ಅಮ್ಮ ಅಥವಾ ಮಗು ನಂಬುವವರು ಜೊತೆಗಿರಬಹುದು.
* ಕೋರ್ಟಿನಲ್ಲಿ ವಕೀಲರು ನೇರವಾಗಿ ಕೇಳುವಂತಿಲ್ಲ. ಪ್ರಶ್ನೆಯನ್ನ ನ್ಯಾಯಾಧೀಶರಿಗೆ ಕೊಡಬೇಕು, ಅವರೇ ಮಗುವಿಗೆ ಕೇಳ್ತಾರೆ. ಆಕ್ರಮಣಕಾರಿ ಪ್ರಶ್ನೆಗೆ ಅವಕಾಶವಿಲ್ಲ.

ನಮ್ಮ ಜಿಲ್ಲೆಗೆ ಇನ್ನೊಂದು ಮಾತು. ಗೌರಿಬಿದನೂರು, ಚಿಂತಾಮಣಿ ಕಡೆ ಎಷ್ಟೋ ಮನೆಗಳಲ್ಲಿ ತೆಲುಗು, ಶಿಡ್ಲಘಟ್ಟದ ರೇಷ್ಮೆ ಕೆಲಸದ ಎಷ್ಟೋ ಮನೆಗಳಲ್ಲಿ ಉರ್ದು. ಮಗು ಹೇಳಿದ್ದನ್ನ ಕನ್ನಡದಲ್ಲಿ ಬರೆಯುವಾಗ ಪದ ಬದಲಾದರೆ ಅರ್ಥವೂ ಬದಲಾಗಬಹುದು. ಅನುವಾದಕರ ನೆರವು ಪಡೆಯೋಕೆ ಕಾಯ್ದೆಯಲ್ಲೇ ಅವಕಾಶ ಇದೆ. ಕೇಳಿ ಪಡೆಯಿರಿ.

ಮನೆಯಲ್ಲಿ ಏನು ಮಾಡಬೇಕು?
'ಏನಾಯ್ತು ಹೇಳು ಕಂದ', 'ಆಮೇಲೆ?' ಇಷ್ಟೇ ಕೇಳಿ, ಸುಮ್ಮನೆ ಕೇಳಿಸಿಕೊಳ್ಳಿ. ಹೆಸರು ನೀವು ಹೇಳಬೇಡಿ. ಬಂದವರ ಮುಂದೆಲ್ಲಾ ಮತ್ತೆ ಮತ್ತೆ ಹೇಳಿಸಬೇಡಿ, ಮೊಬೈಲ್‌ನಲ್ಲಿ ವಿಡಿಯೋ ಮಾಡಿ ಹಂಚಬೇಡಿ. ಮಗು ಹೇಳಿದ್ದನ್ನ ಅದರ ಮಾತಲ್ಲೇ, ದಿನಾಂಕ ಹಾಕಿ ಬರೆದಿಟ್ಟುಕೊಳ್ಳಿ. ತಡ ಮಾಡದೆ ಪೊಲೀಸರಿಗೆ ತಿಳಿಸಿ. ಮಕ್ಕಳ ಸಹಾಯವಾಣಿ 1098, ತುರ್ತು ಕರೆಗೆ 112.