ಸಂಸ್ಕರಣಾ ತರಕಾರಿಗಳ ಮಾದರಿ ಮತ್ತು ದರ್ಜೆ: ಹಾಸನ ಸೀಮೆಯ ಚರಿತ್ರೆ

ಅಡುಗೆಮನೆಗೆ ಹೋಗದೆ ಕಾರ್ಖಾನೆಗೆ ಹೋಗಲೆಂದೇ ಬೆಳೆಯುವ ತರಕಾರಿಗಳಿವೆ. ಉಪ್ಪುನೀರಿಗೆ ಬೀಳುವ ಮಿಡಿಸೌತೆ, ಚಿಪ್ಸ್ ಆಗುವ ಆಲೂಗೆಡ್ಡೆ, ಸಾಸ್ ಆಗುವ ಟೊಮೆಟೊ ಇಂಥವು. ಇವನ್ನು ಕೊಳ್ಳುವಾಗ ರಾಶಿಯಿಂದ ಎಷ್ಟು ತೆಗೆದು ನೋಡಬೇಕು, ಎಲ್ಲಿಂದ ತೆಗೆಯಬೇಕು, ನೋಡಿದ ಮೇಲೆ ಯಾವ ದರ್ಜೆಗೆ ಸೇರಿಸಬೇಕು ಎಂದು ಹೇಳುವ ಕಟ್ಟಳೆಗಳೇ ಮಾದರಿ ಮತ್ತು ದರ್ಜೆಯ ನಿಯಮಗಳು. ಹಾಸನ, ಹೊಳೆನರಸೀಪುರ, ಅರಕಲಗೂಡು, ಚನ್ನರಾಯಪಟ್ಟಣದ ಕಡೆ ‘ಗ್ರೇಡು’, ‘ಶಾಂಪಲ್ಲು’ ಎಂದರೆ ಎಲ್ಲರಿಗೂ ಅರ್ಥವಾಗುತ್ತದೆ. ಸಂತೆಯಲ್ಲಿ ಗಿರಾಕಿ ತನಗೆ ಬೇಕಾದ ಕಾಯಿಯನ್ನು ತಾನೇ ಆರಿಸಿಕೊಳ್ಳುತ್ತಾನೆ. ಕಾರ್ಖಾನೆ ಹಾಗೆ ಆರಿಸಲಾರದು. ಒಂದು ಹಿಡಿ ನೋಡಿ ಇಡೀ ಲೋಡಿಗೆ ಬೆಲೆ ಕಟ್ಟುತ್ತದೆ. ಆದ್ದರಿಂದ ಆ ಒಂದು ಹಿಡಿಯನ್ನು ಯಾರು, ಯಾರ ಎದುರಿಗೆ ತೆಗೆದರು ಎನ್ನುವುದು ಬೆಲೆಯಷ್ಟೇ ದೊಡ್ಡ ಪ್ರಶ್ನೆ.

ಮಂಡಿಯಿಂದ ಕಾಯ್ದೆಗೆ

ಹಳೆಯ ಪದ್ಧತಿಯಲ್ಲಿ ದರ್ಜೆ ಇದ್ದದ್ದು ದಲ್ಲಾಳಿಯ ಕಣ್ಣಲ್ಲಿ. ಚೀಲದ ಬಾಯಿ ಬಿಚ್ಚಿ, ಕೈ ಇಳಿಸಿ, ನಾಲ್ಕು ಗೆಡ್ಡೆ ಮೇಲೆತ್ತಿ ನೋಡಿದರೆ ಮುಗಿಯಿತು. ಮಣ್ಣು, ತೇವ, ಕೊಳೆಯ ಹೆಸರಿನಲ್ಲಿ ತೂಕದಿಂದ ಒಂದಿಷ್ಟು ಕಡಿತವೂ ಆಗುತ್ತಿತ್ತು. ರಾಜ್ಯದ ಹಲವು ಮಂಡಿಗಳಲ್ಲಿ ‘ಸೂಟು’ ಎಂದು ಕರೆಯುವುದು ಈ ಕಡಿತವನ್ನೇ. 1928ರಲ್ಲಿ ವರದಿ ಕೊಟ್ಟ ರಾಯಲ್ ಕೃಷಿ ಆಯೋಗ ನಿಯಂತ್ರಿತ ಮಾರುಕಟ್ಟೆಗಳು ಬೇಕೆಂದು ಹೇಳಲು ಇಂಥ ಕಡಿತಗಳೂ ಕಾರಣ. ಮೈಸೂರು ಸಂಸ್ಥಾನ 1939ರಲ್ಲಿ ಕೃಷಿ ಉತ್ಪನ್ನ ಮಾರುಕಟ್ಟೆ ಕಾಯ್ದೆ ತಂದಿತು. ರಾಜ್ಯ ಒಂದಾದ ಮೇಲೆ 1966ರ ಕಾಯ್ದೆ ಬಂದು, ಇಂದಿನ ಎಪಿಎಂಸಿಗಳಿಗೆ ಅದೇ ಬುನಾದಿಯಾಯಿತು.

ದರ್ಜೆಯನ್ನು ಬರಹಕ್ಕೆ ಇಳಿಸುವ ಕೆಲಸ ಇದಕ್ಕೂ ಮೊದಲೇ ಹೊರಗೆ ಶುರುವಾಗಿತ್ತು. ಅಮೆರಿಕದಲ್ಲಿ 1917ರಲ್ಲಿ, ಮೊದಲ ಮಹಾಯುದ್ಧದ ನಡುವೆ, ಆಲೂಗೆಡ್ಡೆಗೆ ರಾಷ್ಟ್ರೀಯ ದರ್ಜೆ ನಿಗದಿಯಾಯಿತು. ಭಾರತದಲ್ಲಿ 1937ರ ಕೃಷಿ ಉತ್ಪನ್ನ (ದರ್ಜೆ ಮತ್ತು ಗುರುತು) ಕಾಯ್ದೆಯಿಂದ ‘ಅಗ್ಮಾರ್ಕ್’ ಹುಟ್ಟಿತು. ತುಪ್ಪದ ಡಬ್ಬಿಯ ಮೇಲೆ, ಜೇನಿನ ಬಾಟಲಿಯ ಮೇಲೆ ನಾವೆಲ್ಲ ನೋಡಿರುವ ಮುದ್ರೆ ಅದು. ಹಣ್ಣು ತರಕಾರಿಗಳಿಗೆ ಇದೇ ಕಾಯ್ದೆಯಡಿ 2004ರಲ್ಲಿ ಪ್ರತ್ಯೇಕ ನಿಯಮಗಳು ಬಂದವು. ಅವುಗಳಲ್ಲಿ ಅತ್ಯುತ್ತಮ, ಒಂದನೇ, ಎರಡನೇ ಎಂಬ ಮೂರು ದರ್ಜೆಗಳಿವೆ. ಅತ್ಯುತ್ತಮದಲ್ಲಿ ನೂರಕ್ಕೆ 5, ಉಳಿದೆರಡರಲ್ಲಿ ನೂರಕ್ಕೆ 10ರಷ್ಟು ಕಾಯಿಗಳು ದರ್ಜೆಗೆ ಹೊಂದದಿದ್ದರೂ ನಡೆಯುತ್ತದೆ. ಪ್ರಕೃತಿಯಲ್ಲಿ ಬೆಳೆದದ್ದು ಅಚ್ಚಿನಲ್ಲಿ ಹೊಯ್ದಂತೆ ಇರುವುದಿಲ್ಲ ಎಂದು ಕಾನೂನೇ ಒಪ್ಪಿಕೊಂಡಿದ್ದು ಈ ರಿಯಾಯಿತಿಯ ಸಂಖ್ಯೆಯಲ್ಲಿ.

ಆದರೆ ಈ ದರ್ಜೆಗಳೆಲ್ಲ ಮುಖ್ಯವಾಗಿ ತಾಜಾ ಮಾರಾಟಕ್ಕೆಂದು ಬರೆದವು. ವಿಶ್ವಸಂಸ್ಥೆಯ ಯುರೋಪ್ ಆರ್ಥಿಕ ಆಯೋಗದ ಸೌತೆಕಾಯಿ ಮಾನದಂಡವಂತೂ ತನ್ನ ವ್ಯಾಪ್ತಿಯಿಂದ ಸಂಸ್ಕರಣೆಯ ಸೌತೆ ಮತ್ತು ಮಿಡಿಸೌತೆಯನ್ನು ಹೆಸರು ಹೇಳಿಯೇ ಹೊರಗಿಟ್ಟಿದೆ. ಡಬ್ಬಿಗೆ ಸೇರಿದ ಮೇಲೆ ಉಪ್ಪಿನಲ್ಲಿಟ್ಟ ಸೌತೆಗೆ, ಅಂತರರಾಷ್ಟ್ರೀಯ ಆಹಾರ ಮಾನದಂಡ ರೂಪಿಸುವ ಕೋಡೆಕ್ಸ್‌ನ 1981ರ ಮಾನದಂಡವಿದೆ. ಹೊಲದಿಂದ ಡಬ್ಬಿಯವರೆಗಿನ ನಡುದಾರಿಯಲ್ಲಿ ರೈತನ ಕಾಯಿಗೆ ಬೆಲೆ ಕಟ್ಟುವ ಕಟ್ಟಳೆ ಬಹುಪಾಲು ಉಳಿದದ್ದು ಕಂಪನಿಯ ಕರಾರಿನಲ್ಲಿ. ಹಾಸನ ಸೀಮೆಯ ಕಥೆ ನಡೆಯುವುದು ಈ ನಡುದಾರಿಯಲ್ಲಿಯೇ.

ಮಿಡಿಸೌತೆಯ ಎಣಿಕೆ

ಮಿಡಿಸೌತೆ, ಅಂದರೆ ಗೆರ್ಕಿನ್, ಭಾರತದಲ್ಲಿ ವ್ಯಾಪಾರದ ಬೆಳೆಯಾಗಿ ಕಾಲಿಟ್ಟದ್ದು 1990ರ ದಶಕದ ಆರಂಭದಲ್ಲಿ, ಕರ್ನಾಟಕದಲ್ಲಿ. ಇಲ್ಲಿಂದ ತಮಿಳುನಾಡು, ಆಂಧ್ರ, ತೆಲಂಗಾಣಕ್ಕೆ ಹಬ್ಬಿತು. ರಫ್ತು ಪ್ರಾಧಿಕಾರವಾದ ಅಪೆಡಾದ ಲೆಕ್ಕದಂತೆ 2020–21ರಲ್ಲಿ 2,23,515 ಟನ್ ಮಿಡಿಸೌತೆ ದೇಶದಿಂದ ಹೊರಹೋಯಿತು. ಅದರ ಬೆಲೆ 22.3 ಕೋಟಿ ಡಾಲರ್. ಸುಮಾರು 90,000 ಸಣ್ಣ, ಅತಿಸಣ್ಣ ರೈತರು 65,000 ಎಕರೆಯಲ್ಲಿ ಇದನ್ನು ಬೆಳೆಯುತ್ತಾರೆ. ಪ್ರಪಂಚಕ್ಕೆ ಬೇಕಾದ ಮಿಡಿಸೌತೆಯಲ್ಲಿ ಶೇ 15ರಷ್ಟು ಭಾರತದ್ದು. ನಮ್ಮ ಊಟದಲ್ಲಿ ಮಾತ್ರ ಇದಕ್ಕೆ ಜಾಗವಿಲ್ಲ. ಬೆಳೆದವರೇ ತಿನ್ನದ, ಊರ ಸಂತೆಯಲ್ಲಿ ಮಾರಲಾಗದ ಕಾಯಿ ಇದು. ಕಂಪನಿ ಬೇಡವೆಂದರೆ ಹಸುವಿನ ಮುಂದೆ ಸುರಿಯಬೇಕು. ಕೊಳ್ಳುವವನೊಬ್ಬನೇ ಇರುವಾಗ ದರ್ಜೆಯ ನಿಯಮಕ್ಕೆ ಎಷ್ಟು ಬಲ ಬರುತ್ತದೆ ಎಂಬುದು ಇದರಿಂದಲೇ ತಿಳಿಯುತ್ತದೆ.

1979ರಲ್ಲಿ ಗೊರೂರಿನಲ್ಲಿ ಹೇಮಾವತಿ ಅಣೆಕಟ್ಟು ಎದ್ದ ಮೇಲೆ ಈ ಭಾಗದ ಎಷ್ಟೋ ಹೊಲಗಳಿಗೆ ನಾಲೆಯ ನೀರು ಬಂತು. ನಾಲೆ ಮುಟ್ಟದ ಕಡೆ ಕೊಳವೆಬಾವಿ ಬಂತು. ತೆಂಗು, ರಾಗಿ, ಆಲೂಗೆಡ್ಡೆಯ ನಡುವೆ ಅರ್ಧ ಎಕರೆ, ಒಂದು ಎಕರೆಯಲ್ಲಿ 90 ದಿನದಲ್ಲಿ ಮುಗಿಯುವ ಮಿಡಿಸೌತೆಗೂ ಎಡೆ ಸಿಕ್ಕಿತು. ಬೀಜ, ಗೊಬ್ಬರ, ಔಷಧಿಯನ್ನು ಕಂಪನಿ ಸಾಲವಾಗಿ ಕೊಡುತ್ತದೆ, ಕಾಯಿಯ ಹಣದಲ್ಲಿ ಮುರಿದುಕೊಳ್ಳುತ್ತದೆ. ಕಡ್ಡಿ ನೆಟ್ಟು, ದಾರ ಕಟ್ಟಿ ಬಳ್ಳಿ ಹಬ್ಬಿಸಿದರೆ, ಬಿತ್ತಿದ ಒಂದು ತಿಂಗಳ ಆಸುಪಾಸಿನಲ್ಲಿ ಕೊಯ್ಲು ಶುರು. ಅಲ್ಲಿಂದ ಮುಂದೆ ಹಬ್ಬವಿಲ್ಲ, ಮದುವೆಯಿಲ್ಲ. ದಿನವೂ ಬೆಳಗ್ಗೆ ಕೊಯ್ಯಬೇಕು. ಒಂದು ದಿನ ತಪ್ಪಿದರೆ ಕಾಯಿ ಉಬ್ಬಿ ಕೆಳಗಿನ ದರ್ಜೆಗೆ ಇಳಿಯುತ್ತದೆ.

ದರ್ಜೆ ನಿಲ್ಲುವುದು ಒಂದು ಕೆ.ಜಿ.ಗೆ ಎಷ್ಟು ಕಾಯಿ ತೂಗುತ್ತವೆ ಎಂಬುದರ ಮೇಲೆ. ಸಂಖ್ಯೆಗಳು ಕಂಪನಿಯಿಂದ ಕಂಪನಿಗೆ ಸ್ವಲ್ಪ ಬದಲಾದರೂ ಸಾಮಾನ್ಯ ಕ್ರಮ ಹೀಗಿದೆ: 160 ಮತ್ತು ಅದಕ್ಕಿಂತ ಹೆಚ್ಚು, 100ರಿಂದ 160, 60ರಿಂದ 100, 30ರಿಂದ 60. ಎಣಿಕೆ ಹೆಚ್ಚಿದಷ್ಟೂ ಬೆಲೆ ಹೆಚ್ಚು. ಎಣಿಕೆಯ ವ್ಯಾಪಾರ ಈ ನಾಡಿಗೆ ಹೊಸದಲ್ಲ. ತೆಂಗಿನಕಾಯಿಯನ್ನು ನೂರು, ಸಾವಿರದ ಲೆಕ್ಕದಲ್ಲಿ ಮಾರಿ ಬಲ್ಲವರು ಇಲ್ಲಿಯವರು. ಆದರೆ ತೆಂಗಿನಲ್ಲಿ ದಪ್ಪ ಕಾಯಿಗೆ ಬೆಲೆ, ಆಲೂಗೆಡ್ಡೆಯಲ್ಲಿ ದಪ್ಪ ಗೆಡ್ಡೆಗೆ ಬೆಲೆ. ಕಿರುಬೆರಳಿಗಿಂತ ಚಿಕ್ಕದಕ್ಕೆ ಮೇಲಿನ ದರ್ಜೆ, ಬೆಳೆದು ದಪ್ಪವಾದದ್ದಕ್ಕೆ ಕೆಳಗಿನ ದರ್ಜೆ ಎನ್ನುವ ಕಟ್ಟಳೆಯನ್ನು ಮಿಡಿಸೌತೆ ಹೊಸದಾಗಿ ಕಲಿಸಿತು.

ಆ ಕಟ್ಟಳೆಯನ್ನು ಒಮ್ಮೆ ತಕ್ಕಡಿಯಲ್ಲಿಟ್ಟು ನೋಡಬೇಕು. ಕೆ.ಜಿ.ಗೆ 160 ಎಂದರೆ ಒಂದು ಕಾಯಿ ಆರೂಕಾಲು ಗ್ರಾಂ. ಒಂದು ಕ್ರೇಟಿನಿಂದ ತೆಗೆದ ಒಂದು ಕೆ.ಜಿ.ಯಲ್ಲಿ 165 ಕಾಯಿ ಇವೆ ಎನ್ನೋಣ. ಮೊದಲ ದರ್ಜೆ ಖಾತ್ರಿ. ಅದೇ ಕೆ.ಜಿ.ಯಲ್ಲಿ ಹಿಂದಿನ ದಿನ ಎಲೆ ಮರೆಯಲ್ಲಿ ಉಳಿದು ಉಬ್ಬಿದ 30 ಗ್ರಾಂನ ಕಾಯಿ ಒಂದಿದ್ದರೆ, ಅದು ಐದು ಮಿಡಿಗಳ ಜಾಗ ತಿನ್ನುತ್ತದೆ; ಎಣಿಕೆ 161ಕ್ಕೆ ಇಳಿಯುತ್ತದೆ. ಅಂಥವು ಎರಡಿದ್ದರೆ 157. ದರ್ಜೆ ಹೋಯಿತು. ಕೊಯ್ಯುವಾಗ ಕಣ್ಣಿಗೆ ಬೀಳದ ಎರಡು ಕಾಯಿ ಒಂದು ಕ್ರೇಟಿನ ಬೆಲೆಯನ್ನೇ ಇಳಿಸಬಲ್ಲವು. ಅದಕ್ಕೇ ಹೊಲದ ಬದುವಿನಲ್ಲಿ ಕೂತು ಹೆಂಗಸರು ಕಾಯಿಯನ್ನು ಮೊದಲೇ ಬೇರ್ಪಡಿಸುತ್ತಾರೆ. ಕೊಳ್ಳುವ ಸೆಂಟರಿನಲ್ಲೋ ಕಾರ್ಖಾನೆಯಲ್ಲೋ ಜರಡಿ ಇಲ್ಲವೇ ಯಂತ್ರದಿಂದ ಮತ್ತೊಮ್ಮೆ ವಿಂಗಡಣೆಯಾಗುತ್ತದೆ. ಡೊಂಕು, ನಡು ಸೊರಗಿದ್ದು, ಹಳದಿ ತಿರುಗಿದ್ದು, ಹಣ್ಣುನೊಣ ಚುಚ್ಚಿದ್ದು, ಮುರಿದದ್ದು ಎಷ್ಟೇ ಚಿಕ್ಕದಾದರೂ ಹೊರಕ್ಕೆ.

ಎಣಿಕೆಯ ದರ್ಜೆಯಲ್ಲಿ ಇನ್ನೊಂದು ಲೆಕ್ಕ ಅಡಗಿದೆ, ಅದು ಬೆನ್ನಿನ ಲೆಕ್ಕ. ಮೊದಲ ದರ್ಜೆಯ ಒಂದು ಕೆ.ಜಿ. ತುಂಬಬೇಕಾದರೆ ಕೈ 160 ಸಲ ಬಳ್ಳಿಗೆ ಹೋಗಬೇಕು. ಕೊನೆಯ ದರ್ಜೆಗೆ 60 ಸಲವೂ ಬೇಡ. ದರ್ಜೆಗಳ ನಡುವಿನ ಬೆಲೆಯ ಅಂತರ ಈ ಕೂಲಿಯ ಅಂತರವನ್ನು ತುಂಬಿಕೊಡದಿದ್ದರೆ ಮೇಲಿನ ದರ್ಜೆ ಬೆಳೆದವರಿಗೇ ನಷ್ಟ. ಅಪೆಡಾ ಹೇಳುವ ಎಕರೆಗೆ 4 ಟನ್ ಇಳುವರಿ, 80,000 ರೂಪಾಯಿ ಆದಾಯ ಎಂದರೆ ಕೆ.ಜಿ.ಗೆ ಸರಾಸರಿ 20 ರೂಪಾಯಿ. ಅದರಲ್ಲಿ ಅರ್ಧ, 40,000 ರೂಪಾಯಿ, ಖರ್ಚು ಕಳೆದು ಉಳಿಯುತ್ತದೆ ಎಂಬುದು ಅದರ ಅಂದಾಜು. ಸರಾಸರಿಯಲ್ಲಿ ಕಾಣದೆ ಹೋಗುವುದು ದರ್ಜೆ. ಇಬ್ಬರು ರೈತರು ಅದೇ 4 ಟನ್ ತೂಗಿದರೂ ಮನೆಗೆ ಒಯ್ಯುವ ಹಣ ಒಂದೇ ಆಗಿರುವುದಿಲ್ಲ.

ಎಷ್ಟು ತೆಗೆದರೆ ಮಾದರಿ?

ಮಾದರಿಯ ಅಂತರರಾಷ್ಟ್ರೀಯ ಕಟ್ಟಳೆ 1980ರ ಐಎಸ್‌ಒ 874. ತಾಜಾ ಹಣ್ಣು ತರಕಾರಿಯ ರಾಶಿಯಿಂದ ಹೇಗೆ ತೆಗೆಯಬೇಕೆಂದು ಅದು ಬಿಡಿಸಿ ಹೇಳುತ್ತದೆ. ಪೆಟ್ಟಿಗೆ, ಚೀಲಗಳಲ್ಲಿ ತುಂಬಿ ಬಂದಿದ್ದರೆ 100ರವರೆಗೆ 5, 101ರಿಂದ 300ಕ್ಕೆ 7, 301ರಿಂದ 500ಕ್ಕೆ 9, 501ರಿಂದ 1000ಕ್ಕೆ 10, ಅದಕ್ಕೂ ಮೇಲಾದರೆ ಕನಿಷ್ಠ 15 ಬಿಚ್ಚಿ ನೋಡಬೇಕು. ಬಿಡಿಯಾಗಿ ಸುರಿದಿದ್ದರೆ 200 ಕೆ.ಜಿ.ವರೆಗೆ 10 ಕೆ.ಜಿ., 500ರವರೆಗೆ 20, ಒಂದು ಟನ್‌ವರೆಗೆ 30, ಐದು ಟನ್‌ವರೆಗೆ 60 ಕೆ.ಜಿ. ತೆಗೆಯಬೇಕು. ತೆಗೆಯುವುದೂ ಒಂದೇ ಕಡೆಯಿಂದ ಅಲ್ಲ. ಮೇಲೆ, ಕೆಳಗೆ, ಬದಿ ಎಂದು ಬೇರೆ ಬೇರೆ ಕಡೆ ಕೈಹಾಕಬೇಕು. 150 ಕೆ.ಜಿ. ಕಾಯಿ ತಂದವರ ರಾಶಿಯಿಂದ ಒಂದೇ ಕೆ.ಜಿ. ತೆಗೆದು ಎಣಿಸಿದರೆ ಅದು ಈ ಕಟ್ಟಳೆಯ ಹತ್ತನೇ ಒಂದು ಪಾಲು ಮಾತ್ರ. ಮೇಲುಗಡೆಯಿಂದ ತೆಗೆದ ಕೆ.ಜಿ. ರೈತನ ಪರ, ತಳದಿಂದ ತೆಗೆದದ್ದು ಕಂಪನಿಯ ಪರ ಎಂಬ ಗುಮಾನಿ ಹುಟ್ಟುವುದು ಇಂಥ ಕಡೆಯೇ. ಹೆಚ್ಚು ಕಡೆಯಿಂದ, ಹೆಚ್ಚು ತೆಗೆದು, ಇಬ್ಬರ ಎದುರಿಗೂ ಎಣಿಸಿದರೆ ಆ ಗುಮಾನಿಗೆ ಜಾಗವೇ ಇರುವುದಿಲ್ಲ.

ನೀರಿನಲ್ಲಿ ತೂಗುವ ಗೆಡ್ಡೆ

ಹಾಸನದ ಹೆಸರು ಮೊದಲಿಂದ ಬೆಸೆದುಕೊಂಡಿರುವುದು ಆಲೂಗೆಡ್ಡೆಯ ಜೊತೆಗೆ. ಮೇ ತಿಂಗಳಲ್ಲಿ ಪಂಜಾಬಿನ ಜಲಂಧರಿನಿಂದ ಬಿತ್ತನೆ ಗೆಡ್ಡೆ ಎಪಿಎಂಸಿಗೆ ಬಂದಿಳಿಯುತ್ತದೆ, ಮುಂಗಾರಿನಲ್ಲಿ ಬಿತ್ತನೆ. 1968ರಲ್ಲಿ ಬಿಡುಗಡೆಯಾದ ಕುಫ್ರಿ ಜ್ಯೋತಿ ಇಲ್ಲಿ ದಶಕಗಳ ಕಾಲ ಬೇರೂರಿದ ತಳಿ. ಸಾರಿಗೆ, ಪಲ್ಯಕ್ಕೆ ಒಳ್ಳೆಯದು. ಚಿಪ್ಸ್ ಕಂಪನಿಗಳು ಕರಾರಿನ ಬೇಸಾಯಕ್ಕೆಂದು ಬಂದಾಗ ಕೇಳಿದ್ದು ಬೇರೆಯದನ್ನು: ಒಣಪದಾರ್ಥ ಶೇ 20ಕ್ಕಿಂತ ಹೆಚ್ಚಿರಬೇಕು, ಕರಿದಾಗ ಕಪ್ಪಾಗಿಸುವ ಸಕ್ಕರೆ 100 ಗ್ರಾಂ ಗೆಡ್ಡೆಯಲ್ಲಿ 100 ಮಿ.ಗ್ರಾಂ ಮೀರಬಾರದು. ಅಮೆರಿಕದ ಅಟ್ಲಾಂಟಿಕ್, 1998ರಲ್ಲಿ ಬಂದ ನಮ್ಮದೇ ಕುಫ್ರಿ ಚಿಪ್ಸೋನಾ ತಳಿಗಳು ಮುಂದೆ ಬಂದದ್ದು ಈ ಕಾರಣಕ್ಕೆ.

ಒಣಪದಾರ್ಥ, ಸಕ್ಕರೆ ಎರಡೂ ಕಣ್ಣಿಗೆ ಕಾಣುವ ಗುಣವಲ್ಲ. ಒಣಪದಾರ್ಥವನ್ನು ನೀರು ಹೇಳುತ್ತದೆ. ಮಾದರಿಯ 5 ಕೆ.ಜಿ. ಗೆಡ್ಡೆಯನ್ನು ಮೊದಲು ಹೊರಗೆ ತೂಗಿ, ಆಮೇಲೆ ಬುಟ್ಟಿಯೊಳಗಿಟ್ಟು ನೀರಿನಲ್ಲಿ ಮುಳುಗಿಸಿ ತೂಗುತ್ತಾರೆ. ನೀರೊಳಗೆ 385 ಗ್ರಾಂ ತೋರಿಸಿತು ಎನ್ನೋಣ. 5000ವನ್ನು ನೀರಿನಲ್ಲಿ ಕಡಿಮೆಯಾದ 4615ರಿಂದ ಭಾಗಿಸಿದರೆ ಗೆಡ್ಡೆಯ ಸಾಪೇಕ್ಷ ಸಾಂದ್ರತೆ 1.083. ಇದು ಹೆಚ್ಚಿದಷ್ಟೂ ಒಣಪದಾರ್ಥ ಹೆಚ್ಚು. ಚಿಪ್ಸ್‌ಗೆ 1.080 ದಾಟಿದರೆ ಸಾಕು, ಗೆಡ್ಡೆ ಪಾಸು. ಸಕ್ಕರೆಗೆ ಪರೀಕ್ಷೆ ಬಾಣಲೆಯಲ್ಲಿ: ಕೆಲವು ಗೆಡ್ಡೆ ಹೆಚ್ಚಿ ಕರಿದು, ಬಿಲ್ಲೆಯ ಬಣ್ಣವನ್ನು ಪಟ್ಟಿಯ ಬಣ್ಣದೊಂದಿಗೆ ಹೋಲಿಸಿ ನೋಡುವುದು. ಶೀತಲಗೃಹದ ಚಳಿಯಲ್ಲಿ ಹೆಚ್ಚು ಕಾಲ ಇಟ್ಟ ಗೆಡ್ಡೆಯ ಪಿಷ್ಟ ಸಕ್ಕರೆಯಾಗಿ, ಹೊರಗೆ ಎಷ್ಟು ಚೆಂದವಿದ್ದರೂ ಬಾಣಲೆಯಲ್ಲಿ ಕಪ್ಪಾಗುತ್ತದೆ. ಅಂಗಮಾರಿ ತಗುಲಿದ ವರ್ಷ ಈ ಪರೀಕ್ಷೆಗಳವರೆಗೆ ಹೋಗುವ ಗೆಡ್ಡೆಯೇ ಕಡಿಮೆ. ಆ ರೋಗ ಜಿಲ್ಲೆಯ ಆಲೂಗೆಡ್ಡೆ ಬಯಲನ್ನೇ ಕುಗ್ಗಿಸಿದೆ.

ಕಾಣದ ದರ್ಜೆ, ಬರೆದ ಕರಾರು

ಗಾತ್ರದ ದರ್ಜೆ ಗೆದ್ದ ಕಾಯಿಗೆ ಈಗ ಇನ್ನೊಂದು ಕಟ್ಟೆಯಿದೆ: ಕೀಟನಾಶಕದ ಶೇಷ. ಯುರೋಪ್ ಒಕ್ಕೂಟ 2005ರಲ್ಲಿ 396ನೇ ನಿಯಮದ ಮೂಲಕ ಶೇಷದ ಮಿತಿಗಳನ್ನು ಒಂದೇ ಕಾನೂನಿಗೆ ತಂದಿತು. ಅದಕ್ಕೆ ಮಾದರಿ ತೆಗೆಯುವ ವಿಧಾನವನ್ನು 2002ರಲ್ಲೇ ನಿಗದಿ ಮಾಡಿತ್ತು. 25 ಗ್ರಾಂಗಿಂತ ಚಿಕ್ಕ ಕಾಯಿಯಾದರೆ ಪ್ರಯೋಗಾಲಯಕ್ಕೆ ಕನಿಷ್ಠ 1 ಕೆ.ಜಿ.; 250 ಗ್ರಾಂವರೆಗಿನದ್ದಾದರೆ 1 ಕೆ.ಜಿ., ಅದರಲ್ಲಿ ಕನಿಷ್ಠ 10 ಕಾಯಿ. ಅದಕ್ಕೂ ದೊಡ್ಡದಾದರೆ 2 ಕೆ.ಜಿ., ಕನಿಷ್ಠ 5 ಕಾಯಿ. ನಮ್ಮ ಮಿಡಿ ಬಹುಪಾಲು ಮೊದಲ ಸಾಲಿಗೆ ಸೇರುತ್ತದೆ. ಶೇಷ ಮಿತಿ ಮೀರಿದರೆ ಯಾರ ಹೊಲದ್ದೆಂದು ಹಿಂದಕ್ಕೆ ಹುಡುಕಿಕೊಂಡು ಬರಬೇಕು. ರೈತರಿಗೆ ಸಂಕೇತ ಸಂಖ್ಯೆ ಕೊಟ್ಟು, ಯಾವ ಔಷಧಿ ಯಾವತ್ತು ಹೊಡೆದರೆಂದು ಬರೆದಿಡುವ ಪದ್ಧತಿ ಬೆಳೆದದ್ದು ಹಾಗೆ.

ಕರಾರಿನ ಬೇಸಾಯಕ್ಕೆ ಕಾನೂನಿನ ಚೌಕಟ್ಟು ತಡವಾಗಿ ಬಂತು. 2003ರಲ್ಲಿ ಕೇಂದ್ರ ಹೊರತಂದ ಮಾದರಿ ಮಾರುಕಟ್ಟೆ ಕಾಯ್ದೆ ಒಪ್ಪಂದ ಪತ್ರದ ಒಂದು ಮಾದರಿಯನ್ನೂ ಕೊಟ್ಟಿತು. 2014ರಲ್ಲಿ ಕರ್ನಾಟಕ ಏಕೀಕೃತ ಆನ್‌ಲೈನ್ ಮಾರುಕಟ್ಟೆ ಆರಂಭಿಸಿದಾಗ ಎಪಿಎಂಸಿ ಪ್ರಾಂಗಣದೊಳಗೆ ಗುಣಮಟ್ಟ ಪರೀಕ್ಷೆಯೂ ಸೇರಿತು. ಆದರೆ ಕರಾರಿನ ಮಿಡಿಸೌತೆ ಪ್ರಾಂಗಣಕ್ಕೆ ಬರುವುದೇ ಇಲ್ಲ, ಹೊಲದಿಂದ ಸೆಂಟರಿಗೆ, ಸೆಂಟರಿನಿಂದ ಉಪ್ಪುನೀರಿನ ಡ್ರಮ್ಮಿಗೆ ಹೋಗುತ್ತದೆ. 2020ರ ಕೇಂದ್ರದ ಬೆಲೆ ಭರವಸೆ ಒಪ್ಪಂದ ಕಾಯ್ದೆಯಲ್ಲಿ ಗುಣಮಟ್ಟ, ದರ್ಜೆಯನ್ನು ಒಪ್ಪಂದದಲ್ಲೇ ಬರೆಯಬಹುದೆಂದೂ, ಅದನ್ನು ಮೂರನೆಯ ವ್ಯಕ್ತಿಯಾದ ಅರ್ಹ ಪರೀಕ್ಷಕರಿಂದ ನೋಡಿಸಿ ಪ್ರಮಾಣಪತ್ರ ಪಡೆಯಬಹುದೆಂದೂ ಇತ್ತು. ಆ ಕಾಯ್ದೆಯ ಬಗ್ಗೆ ರೈತರಿಗಿದ್ದ ಆಕ್ಷೇಪಗಳು ಬೇರೆ, ಗಂಭೀರವಾದವು. 2021ರ ಕೊನೆಗೆ ಉಳಿದೆರಡು ಕೃಷಿ ಕಾಯ್ದೆಗಳ ಜೊತೆ ಅದೂ ರದ್ದಾಯಿತು. ಮೂರನೆಯ ಪರೀಕ್ಷಕರ ಮಾತೂ ಅದರೊಂದಿಗೆ ಹೋಯಿತು. ಚನ್ನರಾಯಪಟ್ಟಣದ ಕಡೆಯ ಹೊಲಗಳ ಮಿಡಿಗೆ ಈಗಲೂ ದರ್ಜೆ ಬರೆಯುವುದು ಕೊಳ್ಳುವವರ ಸೆಂಟರಿನ ತಕ್ಕಡಿಯ ಮುಂದೆ, ಅಂದಿನ ಕ್ರೇಟಿನಿಂದ ತೆಗೆದ ಕಾಯಿಗಳನ್ನು ಎಣಿಸಿ.